ರತ್ನವಿಲ್ಲದ ಕಂಬಳಿ

ಕನ್ನಡಕ್ಕೂ ಒಂದಿಷ್ಟು ಪಕ್ಷಪಾತವಿದೆ. ನಮ್ಮ ಕುರುಬರು ಉಣ್ಣೆ ನೇಯ್ದು ಹುಣಸೆಬೀಜದ ಗಂಜಿ ಹಾಕಿದರೆ ಅದು ಬರೀ ಕಂಬಳಿ. ಪರ್ಷಿಯಾದ ಹಳ್ಳಿಯವರು ಅದೇ ಉಣ್ಣೆಗೆ ಗಂಟು ಹಾಕಿದರೆ ರತ್ನಗಂಬಳಿ!

ಆ ರತ್ನದ ಹುಚ್ಚು ಹಿಡಿದ ಬೆಂಗಳೂರಿನ ಗೆಳೆಯನೊಬ್ಬ ಮೇ ತಿಂಗಳಲ್ಲಿ ರಾಯಚೂರಿಗೆ ಬಂದಿಳಿದ. "1948ರ ತನಕ ನಿಜಾಮರ ರಾಜ್ಯ. ಯಾವುದಾದರೂ ಹಳೇ ಮನೆಯಲ್ಲಿ ಒಂದಾದರೂ ಸಿಗಬೇಕಲ್ಲ" ಎಂಬುದು ಅವನ ಲೆಕ್ಕ. ತೀನ್ ಕಂದೀಲ್ ಸುತ್ತ ಅಲೆದೆವು. ಆ ಬಿಸಿಲಲ್ಲಿ ಉಣ್ಣೆ ಹಾಸು ಕೇಳುವವನನ್ನು ಅಂಗಡಿಯವರು ಮೊದಲು ಕೂರಿಸಿ ನೀರು ಕೊಟ್ಟರು. ಸಿಕ್ಕಿದ್ದು ಪ್ಲಾಸ್ಟಿಕ್ ಚಾಪೆ, ಮದುವೆಮನೆಯ ಜಮಖಾನ, ಮೂರು ಸಲ ಚಹಾ.

ಅಲ್ಲಿ ಸಿಗದೆ ನಮ್ಮ ಅತ್ತಿಯ ಊರು ದೇವದುರ್ಗಕ್ಕೆ ಹೊರಟೆವು. ಬಸ್ಸಿನಲ್ಲಿ ಅವನ ಪಾಠ ನಡೆಯಿತು. ಪರ್ಷಿಯಾದಲ್ಲಿ ಶಹರದ ಕಾರ್ಖಾನೆಯಲ್ಲಿ ನಕ್ಷೆ ಮುಂದಿಟ್ಟುಕೊಂಡು ನೇಯುತ್ತಾರೆ. ಹಮದಾನಿನ ಸುತ್ತಲಿನ ಹಳ್ಳಿಗಳಲ್ಲಿ ನೆನಪಿನಿಂದಲೇ ಹೆಚ್ಚು. ಹಾಗಾಗಿ ಈ ಮೂಲೆಯ ಹೂವಿಗೂ ಆ ಮೂಲೆಯ ಹೂವಿಗೂ ಮಾತುಕತೆ ಇರುವುದಿಲ್ಲ. ಬಣ್ಣದ ಉಣ್ಣೆ ಮುಗಿದು ಮತ್ತೊಮ್ಮೆ ಅದ್ದಿದರೆ ಕೆಂಪು ಒಂದು ಛಾಯೆ ಜಾರುತ್ತದೆ. ಅದಕ್ಕೆ 'ಅಬ್ರಾಶ್' ಎನ್ನುತ್ತಾರೆ, ಅದಕ್ಕೇ ಜನ ದುಡ್ಡು ಸುರಿಯುತ್ತಾರೆ. ನಾನೂ ಸುಮ್ಮನಿರದೆ, ಜಪಾನಿನ ಕ್ಯೋಟೋದಲ್ಲಿ ಗಿಯೋನ್ ಹಬ್ಬದ ತೇರುಗಳಿಗೆ ಹೊದಿಸುವ ಹಳೆಯ ರತ್ನಗಂಬಳಿಗಳಲ್ಲಿ ನಮ್ಮ ದಖ್ಖನಿನವೂ ಇವೆ ಎಂದೆ. ಅವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಕಿಟಕಿ ಕಡೆ ತಿರುಗಿದೆ.

ದೇವದುರ್ಗದಲ್ಲಿ ನಮ್ಮ ಅತ್ತಿ ಹೊರಸಿನ ಮೇಲೆ ಕೌದಿ ಹಾಸಿದ್ದಳು. ಮಾನ್ವಿಯ ತವರಿನಿಂದ ಬಂದದ್ದು. ಗೆಳೆಯ ಕೂರಲಿಲ್ಲ. ಮೊಣಕಾಲೂರಿ ಅದನ್ನು ಮಗುಚಿ ಬೆನ್ನು ನೋಡಿದ. ಪರಿಣತರು ಮೊದಲು ನೋಡುವುದು ಬೆನ್ನನ್ನೇ ಅಂತೆ. ಒಂದು ಮೂಲೆಯಲ್ಲಿ ಇಳಕಲ್ ಸೀರೆಯ ಸೆರಗು, ಪಕ್ಕದಲ್ಲಿ ಯಾರದೋ ಶಾಲೆಯ ಅಂಗಿ, ಜೇಬು ಸಮೇತ. ಸಾಲುಸಾಲು ಕೆಂಪು ಹೊಲಿಗೆ ನಡುವೆ ತಟ್ಟನೆ ನೀಲಿಯಾಗಿತ್ತು.

"ಅಬ್ರಾಶ್!" ಎಂದ.

"ಏನಂದ್ರೋ ಅವರು? ನಮ್ಮವ್ವಗ ಬೈದ್ರೇನು?"

"ಇಲ್ಲತ್ತಿ, ಹೊಗಳ್ಯಾನ."

"ಕೆಂಪು ದಾರ ತೀರಿತ್ತಪ್ಪ. ನೀಲಿ ಇತ್ತು, ಹೊಲಿದ್ಲು."

ಅವನು ಹಿಂಜರಿಯುತ್ತ ಬೆಲೆ ಕೇಳಿದ. ಅತ್ತಿ ಒಳಗೆ ಹೋಗಿ ಅಲಮಾರ ತೆಗೆದಳು. ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದ, ಹುಲಿಚಿತ್ರದ ದಪ್ಪನೆಯ ಬ್ಲಾಂಕೆಟ್ ತಂದು ಅವನ ಕೈಗಿಟ್ಟಳು.

"ಊರಿಂದ ಬಂದವರಿಗೆ ಆ ಹರಕ ಕೊಡಾಕಾಗತೈತೇನು? ಇದನ್ನ ಒಯ್ರಿ. ರೊಕ್ಕ ಗಿಕ್ಕ ಬ್ಯಾಡ."

ವಾಪಸು ಬಸ್ಸಿನಲ್ಲಿ ಸೀಟಿರಲಿಲ್ಲ. ರಾಯಚೂರಿನ ತನಕ ಆ ಬಿಸಿಲಲ್ಲಿ ಹುಲಿಯನ್ನು ಎದೆಗವುಚಿಕೊಂಡು ನಿಂತೇ ಬಂದ.