ಪ್ಯಾಚಣ್ಣ

ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ತೋಟದ ಮನೆಗೆ ತಂದುಕೊಂಡವರು ಕೊಡಗಿನಲ್ಲಿ ಈಗ ಊರಿಗೊಬ್ಬರು ಸಿಗುತ್ತಾರೆ. ನಮ್ಮೂರಿನವನಿಗೆ ಹುಡುಗರಿಟ್ಟ ಹೆಸರು ಪ್ಯಾಚಣ್ಣ. ಹಗಲು ಕಂಪನಿ ಕೆಲಸ, ರಾತ್ರಿ ಡ್ರುಪಲ್ ಎಂಬ ಮುಕ್ತ ತಂತ್ರಾಂಶಕ್ಕೆ ಬಿಟ್ಟಿ ಸೇವೆ. ತಪ್ಪು ಕಂಡಲ್ಲಿ ಎರಡು ಸಾಲು ತಿದ್ದಿ, ಆ ತಿದ್ದುಪಡಿಯನ್ನಷ್ಟೇ ಪ್ಯಾಚ್ ಮಾಡಿ ಕಳಿಸುತ್ತಿದ್ದ. ತಿದ್ದಲು ಐದು ನಿಮಿಷ, ಫೈಲಿಗೆ ಹೆಸರಿಡಲು ಅರ್ಧ ರಾತ್ರಿ.

ಮೊದಲು ಪ್ರಾಜೆಕ್ಟಿನ ಹೆಸರು, ಆಮೇಲೆ ತಿದ್ದಿದ್ದೇನೆಂದು ಎರಡು ಪದ, ಇಶ್ಯೂ ನಂಬರು, ಕೊನೆಗೆ ಕಾಮೆಂಟ್ ನಂಬರು. "ಇದು ನಮ್ಮದೇ ಪದ್ಧತಿ" ಎಂದು ಅವನ ವಾದ. "ಕೊಡಂದೇರ ಮಾದಪ್ಪ ಕಾರ್ಯಪ್ಪ! ಮೊದಲು ಒಕ್ಕ, ಆಮೇಲೆ ಅಪ್ಪ, ಕೊನೆಗೆ ತಾನು. ಯಾವ ಮನೆ ಹುಡುಗ ಅಂತ ಗೊತ್ತಾಗಬೇಡ್ವ?" ಬರೀ 'ಫಿಕ್ಸ್.ಪ್ಯಾಚ್' ಎಂದು ಕಳಿಸಿದವನ ಕೋಡನ್ನು ಅವನು ತೆರೆದೂ ನೋಡುತ್ತಿರಲಿಲ್ಲ. 1985ರಲ್ಲಿ ಪ್ಯಾಚ್ ಸಲಕರಣೆ ಬರೆದ ಲ್ಯಾರಿ ವಾಲ್ ಫೈಲ್ ಹೆಸರಿನ ಗೊಡವೆಗೆ ಹೋಗದಿದ್ದುದೇ ಲೋಕದ ಅರ್ಧ ಕಷ್ಟಕ್ಕೆ ಕಾರಣವಂತೆ.

ಫಜೀತಿಯಿದ್ದದ್ದು ಕಾಮೆಂಟ್ ನಂಬರಿನಲ್ಲಿ. ಪ್ಯಾಚ್ ಹಾಕುತ್ತಿದ್ದುದು ಇಶ್ಯೂ ಕೆಳಗಿನ ಕಾಮೆಂಟಿನ ಜೊತೆ; ಇನ್ನೂ ಹಾಕದ ಆ ಕಾಮೆಂಟಿಗೆ ಯಾವ ನಂಬರು ಸಿಗುತ್ತದೆಂದು ಮೊದಲೇ ಲೆಕ್ಕ ಹಾಕಿ ಹೆಸರಿನಲ್ಲಿ ಬರೆಯಬೇಕಿತ್ತು. ಕಕ್ಕಡ ಮಳೆಯಲ್ಲಿ ಇದು ಆಗುವ ಮಾತೆ? ತನ್ನದು 14 ಎಂದು ಹೆಸರಿಟ್ಟು ಗುಂಡಿ ಒತ್ತುವಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟ್ ಹೋಗುವುದು. ಮಾರನೇ ದಿನ ಅವಸರದಲ್ಲಿ ಹಾಕಿ ನೋಡಿದರೆ, ಬೆಲ್ಜಿಯಮ್ಮಿನ ಯಾವನೋ 'ನನಗೂ ಇದೇ ತೊಂದರೆ' ಎಂದಷ್ಟೇ ಬರೆದು 14ರಲ್ಲಿ ಕೂತಿರುವನು! ಪ್ಯಾಚಣ್ಣ ಕ್ಷಮೆ ಕೋರಿ, ಅದೇ ಪ್ಯಾಚನ್ನು 16 ಎಂದು ಮತ್ತೆ ಹಾಕುವನು. ಒಳಗೆ ಒಂದಕ್ಷರವೂ ಬದಲಾಗಿರುತ್ತಿರಲಿಲ್ಲ.

ಈಗ ಡ್ರುಪಲ್‌ನವರು ಪ್ಯಾಚ್ ಬಿಟ್ಟು ಗಿಟ್‌ಲ್ಯಾಬ್‌ನ ಮರ್ಜ್ ರಿಕ್ವೆಸ್ಟಿಗೆ ಹೊರಳಿದ್ದಾರೆ; ಪ್ಯಾಚ್ ಫೈಲಿಗೆ ಹೆಸರಿಡುವ ಕೆಲಸವೇ ಇಲ್ಲ. ಹೆಸರಿಡುವ ಚಟ ಎಲ್ಲಿಗೆ ಹೋಗಬೇಕು? ಅಡುಗೆಮನೆಗೆ ಬಂತು. ಜೇನು, ಕಾಳುಮೆಣಸು ಎಲ್ಲಕ್ಕೂ ಅಡ್ಡಗೆರೆಯ ಚೀಟಿ. "ಮೂಸಿದ್ರೆ ಗೊತ್ತಾಗುತ್ತಲ್ಲ" ಎಂದ ಅಮ್ಮನ ಮಾತು ಯಾರಿಗೆ ಬೇಕು? ಹಿಂದೆ, ಪರೀಕ್ಷಾ ಯಂತ್ರ ಮುಟ್ಟಬಾರದ ಪ್ಯಾಚಿನ ಹೆಸರಿನ ತುದಿಗೆ 'ಡೂ-ನಾಟ್-ಟೆಸ್ಟ್' ಎಂದು ಸೇರಿಸುತ್ತಿದ್ದರು. ಇನ್ನೂ ಹಳತಾಗಬೇಕಿದ್ದ ಕಾಚಂಪುಳಿ ಎಂಬ ಕಪ್ಪು ಹುಳಿಗೆ, ಅದೂ ಕ್ಯಾಂಟೀನ್ ರಮ್ಮಿನ ಖಾಲಿ ಬಾಟ್ಲಿಯಲ್ಲಿದ್ದದ್ದಕ್ಕೆ, ಅದನ್ನೇ ಅಂಟಿಸಿದ.

ಹುತ್ತರಿಗೆ ಬಂದ ಸುಬೇದಾರ್ ಮಾವ ಆ ಚೀಟಿ ಓದಿದರು. ಒಳ್ಳೇ ಮಾಲು ಬಚ್ಚಿಟ್ಟಿದ್ದಾನೆಂದು ಒಂದು ಲಾರ್ಜ್ ಬಗ್ಗಿಸಿ ಒಂದೇ ಗುಟುಕಿಗೆ ಎತ್ತಿದರು. ಅವರು ಕೆಮ್ಮಿ ಕಣ್ಣೊರೆಸಿಕೊಳ್ಳುವ ತನಕ ಕಾದ ಪ್ಯಾಚಣ್ಣ, ಬಾಟ್ಲಿ ತಿರುಗಿಸಿ ನೋಡಿ ಹೇಳಿದ:

"ಹೆಸರು ಸರಿಯಾಗೇ ಇದೆಯಲ್ಲ ಮಾವ."