ಸಣ್ಣ ಲ್ಯಾಪ್‌ಟಾಪ್ ಮೀಮಾಂಸೆ: ಚತುಸ್ತಾಲ್ಲೂಕು ಭಾಷ್ಯ ಸಮೇತ

ಅಧಿಕಾರಿ ಯಾರು, ವಿಷಯ ಯಾವುದು, ಪ್ರಯೋಜನವೇನು ಎಂದು ಮೊದಲೇ ಹೇಳದ ಶಾಸ್ತ್ರವನ್ನು ಪಂಡಿತರು ಮುಟ್ಟುವುದಿಲ್ಲವಾದ್ದರಿಂದ ಹೇಳಿಬಿಡುತ್ತೇವೆ. ಮಗನನ್ನೋ ಮಗಳನ್ನೋ ಈ ವರ್ಷ ಬಿ.ಕಾಂ.ಗೋ ಬಿ.ಸಿ.ಎ.ಗೋ ಸೇರಿಸಿರುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ರೈತನೇ ಇಲ್ಲಿ ಅಧಿಕಾರಿ. ವಿಷಯ, ಸಣ್ಣದಾದ ಅಗ್ಗದ ಲ್ಯಾಪ್‌ಟಾಪ್. ಪ್ರಯೋಜನ, ಮನೆಯಲ್ಲಿ ಶಾಂತಿ.

ಮೊದಲಿಗೆ ಕಾಲನಿರ್ಣಯ. ತರಗತಿ ಶುರುವಾದ ದಿನವೇ ಬೇಕು ಎನ್ನುವುದು ಮಕ್ಕಳ ಮತ. ದಸರೆಯ ಆಫರ್ ಬರಲಿ ಎನ್ನುವುದು ಆನ್‌ಲೈನ್ ಅಂಗಡಿಗಳ ಮತ. ಹುಣಸೂರು ಪಂಥ ಎರಡನ್ನೂ ಖಂಡಿಸುತ್ತದೆ. ಹೊಗೆಸೊಪ್ಪು ಮುರಿದು, ಬ್ಯಾರನ್ನಿನಲ್ಲಿ ಬೇಯಿಸಿ, ಬೇಲ್ ಕಟ್ಟಿ, ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೊರುವವರೆಗೆ ಲ್ಯಾಪ್‌ಟಾಪ್ ಎಂಬುದು ಮಾಯೆ. ಹರಾಜು ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ದುಡ್ಡು ನೇರ ಖಾತೆಗೆ ಬೀಳುತ್ತದೆ. ಬ್ಯಾಂಕು ತನ್ನ ಸಾಲ ಮುರಿದುಕೊಂಡ ಮೇಲೆ ಉಳಿದಿದ್ದರೆ ಅದೇ ಬಜೆಟ್ಟು. ಕೆ.ಆರ್.ನಗರದ ನಾಲೆ ಬಯಲಿನವರಿಗೆ ಭತ್ತ ಮನೆ ಸೇರಿ ಸಂಕ್ರಾಂತಿ ಬರಬೇಕು. ಎಚ್.ಡಿ.ಕೋಟೆಯವರು ಹತ್ತಿಯ ಮುಖ ನೋಡುತ್ತಾರೆ. ಶುಂಠಿ ಪಂಥದ ಬಗ್ಗೆ ಹೇಳದಿರುವುದೇ ಲೇಸು: ಒಂದು ವರ್ಷ ಮ್ಯಾಕ್‌ಬುಕ್ ಎಂದ ಮನೆಯಲ್ಲೇ ಮರುವರ್ಷ ‘ಸೈಬರ್ ಸೆಂಟರ್ ಇಲ್ವೇನ್ಲಾ’ ಎಂಬ ಮಾತು ಕೇಳಿಸುತ್ತದೆ.

ಇನ್ನು ಪ್ರಮಾಣ ವಿಚಾರ. ಈ ಸೀಮೆಯಲ್ಲಿ ಶಬ್ದಪ್ರಮಾಣವೆಂದರೆ ಬೆಂಗಳೂರಿನಲ್ಲಿರುವ ಭಾವಮೈದ. ‘ಐ-ಸೆವೆನ್‌ಗಿಂತ ಕಮ್ಮಿ ತಗೋಬೇಡಿ ಭಾವ’ ಎಂದು ಅವನು ಫೋನಿನಲ್ಲಿ ಅಪ್ಪಣೆ ಕೊಡಿಸಿದ ಮೇಲೆ ಚರ್ಚೆ ಮುಗಿಯಿತೆಂದೇ ಲೆಕ್ಕ. ನಾವು ಒಪ್ಪುವುದಿಲ್ಲ. ಯಾವ ತಲೆಮಾರಿನ ಐ-ಸೆವೆನ್ ಎಂದು ಅವನು ಹೇಳಲಿಲ್ಲ, ಭಾವ ಕೇಳಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ಈಚಿನದು. ನಾಲ್ಕನೇ ತಲೆಮಾರಿನ ಐ-ಸೆವೆನ್ ಹಜಾರದಲ್ಲೇ ಕೂತಿರಬೇಕು. ಎಂಟನೇ ತಲೆಮಾರಿನ ಐ-ತ್ರೀಗೆ ಒಳಮನೆಗೆ ಪ್ರವೇಶವುಂಟು.

ಎರಡನೆಯದು ಅನುಮಾನಪ್ರಮಾಣ, ಇದು ಅಪ್ಪನ ಪಾಲಿನದು. ‘ಇಷ್ಟೇ ಇಷ್ಟಗಲ ಅದೆ, ಇದ್ಕ್ಯಾಕ್ ಮಗ ಅಷ್ಟೊಂದ್ ದುಡ್ಡು? ಅದೇ ಕಾಸ್ಗೆ ದೊಡ್ಡದೇ ತಕ್ಕೊ.’ ತರ್ಕದಲ್ಲಿ ಲೋಪವಿಲ್ಲ. ಲೋಪವಿರುವುದು ಬಸ್ಸಿನಲ್ಲಿ. ನಾಲ್ಕು ಊರುಗಳಲ್ಲಿ ರೈಲಿರುವುದು ಕೆ.ಆರ್.ನಗರಕ್ಕೆ ಮಾತ್ರ, ಮಿಕ್ಕವರಿಗೆ ಕೆಂಪು ಬಸ್ಸೇ ಗತಿ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. 2023ರ ಜೂನ್‌ನಿಂದ ಹೆಣ್ಣುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, ಸೀಟಿನ ಖಾತರಿ ಮಾತ್ರ ಯಾರೂ ಕೊಟ್ಟಿಲ್ಲ. ನಿಂತೇ ಹೋಗುವವಳ ಬೆನ್ನಿನ ಮೇಲೆ 15.6 ಇಂಚಿನ ಯಂತ್ರ, ಅದರ ಚಾರ್ಜರ್, ಪುಸ್ತಕ, ಊಟದ ಡಬ್ಬಿ. ಈ ವಿಷಯದಲ್ಲಿ ಆ ಬೆನ್ನಿನ ಮಾತೇ ಅಂತಿಮ.

ಹಾಗಾದರೆ ಎಷ್ಟು ಸಣ್ಣದು? 2007ರಲ್ಲಿ ಬಂದ ಏಸಸ್ ಈಪಿಸಿಗೆ ಏಳೇ ಇಂಚಿನ ಪರದೆ, ತೂಕ ಒಂದು ಕಿಲೋಗೂ ಕಮ್ಮಿ. ಅದಕ್ಕೂ ಮೊದಲು ನಮ್ಮವರೇ ಆದ ಪೂರ್ವಾಚಾರ್ಯರು, ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಎನ್ಕೋರ್ ಕಂಪನಿಯ ಜೊತೆ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ತೋರಿಸಿದ್ದರು. ಬಡವರಿಗೆಂದೇ ಮಾಡಿದ್ದು, ದೇಶಭಾಷೆ ಬಲ್ಲದ್ದು. ಆದರೂ ಹಳ್ಳಿಯ ಬಸ್ಸು ಹತ್ತಲಿಲ್ಲ. ಲೆಡ್ಜರ್ ಓದಲು ಕಣ್ಣು ಕಿರಿದು ಮಾಡಬೇಕಾಗಬಾರದು, ಬ್ಯಾಗೂ ಹರಿಯಬಾರದು: 12ರಿಂದ 14 ಇಂಚು ಎಂಬುದು ನಮ್ಮ ಇತ್ಯರ್ಥ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ಅಗ್ಗದ್ದು, ಸಣ್ಣದ್ದು, ಹೊಸದು, ಮೂರೂ ಇರುವ ಯಂತ್ರ ಅಂಗಡಿಯಲ್ಲೇ ಇದೆಯಲ್ಲ? ಇದೆ. 4 ಜಿಬಿ ರ್ಯಾಮ್, 64 ಜಿಬಿ ಇಎಂಎಂಸಿ, ಎರಡೂ ಬೋರ್ಡಿಗೇ ಬೆಸುಗೆ. ವಿಂಡೋಸ್ 11 ಕೇಳುವ ಕನಿಷ್ಠವೂ ಸರಿಯಾಗಿ ಅಷ್ಟೇ. ಅಂದರೆ ವಿಂಡೋಸ್ ಬಂದು ಕೂತರೆ ಮನೆಯ ಯಜಮಾನನಿಗೆ ಕಾಲು ಚಾಚಲು ಜಾಗವಿಲ್ಲ. ಕ್ರೋಮ್‌ಬುಕ್ ಆದರೋ? ಬಿ.ಕಾಂ.ನವರಿಗೆ ಬೇಕಾದ ಟ್ಯಾಲಿ, ಕನ್ನಡ ಟೈಪಿಂಗ್ ಕಲಿಯುವವರಿಗೆ ಬೇಕಾದ ನುಡಿ, ಎರಡೂ ವಿಂಡೋಸ್ ಕುಲದವು. ಪೂರ್ವಪಕ್ಷಿ ಕೂರತಕ್ಕದ್ದು.

ಉಳಿದದ್ದು ಪ್ರತ್ಯಕ್ಷ ಪ್ರಮಾಣ. ಕಂಪನಿಗಳು ಬಳಸಿ ಬಿಟ್ಟ, ಮತ್ತೆ ಸಜ್ಜುಗೊಳಿಸಿದ ಲ್ಯಾಪ್‌ಟಾಪ್ ಎಂದರೆ ಊರಿನಲ್ಲಿ ಮೂಗು ಮುರಿಯುತ್ತಾರೆ. ವಿಚಿತ್ರವೆಂದರೆ ಅದನ್ನು ಪರೀಕ್ಷಿಸುವ ವಿದ್ಯೆ ಈ ಸೀಮೆಯಲ್ಲಿ ಮನೆಮನೆಯಲ್ಲೂ ಇದೆ. ಮೇಲೆ ಹೊಂಬಣ್ಣದ ಸೊಪ್ಪು ಜೋಡಿಸಿ ಒಳಗೆ ಕರಿಸೊಪ್ಪು ತುಂಬಿದ ಬೇಲನ್ನು ಕೈಯಿಟ್ಟು ಎತ್ತಿ ಹೇಳಿಬಿಡುವ ಅಪ್ಪ, ಹೊಳೆಯುವ ಸ್ಟಿಕ್ಕರಿಗೆ ಮರುಳಾಗಬೇಕಾದ್ದೇನು? ಅದೇ ಕೈಯಲ್ಲಿ ಮುಚ್ಚಳ ತೆರೆದು ಮುಚ್ಚಿ ಕೀಲು ಸಡಿಲವೇ ನೋಡಲಿ. ಒಂದೊಂದೇ ಕೀಲಿ ಒತ್ತಲಿ. ಬ್ಯಾಟರಿ ಹೊಸದರಲ್ಲಿ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ ಎಂಬ ವರದಿಯನ್ನು ವಿಂಡೋಸೇ ಕೊಡುತ್ತದೆ. ಅಂಗಡಿಯವನ ಎದುರಿಗೇ ಮಗಳಿಂದ ತೆಗೆಸಲಿ. ಅರ್ಧಕ್ಕಿಂತ ಇಳಿದಿದ್ದರೆ ಬ್ಯಾಟರಿಯ ಬೆಲೆ ಕಡಿತ ಮಾಡಿಸಲಿ. ಕರೆಂಟು ಹೋಗಿಬರುವ, ನೆಟ್‌ವರ್ಕ್ ಕಣ್ಣುಮುಚ್ಚಾಲೆಯಾಡುವ ಎಚ್.ಡಿ.ಕೋಟೆಯ ಕಾಡಂಚಿನ ಊರುಗಳವರು ಇದನ್ನು ಎರಡು ಸಲ ಮಾಡಿಸಿದರೂ ತಪ್ಪಿಲ್ಲ. ಪಾಠಗಳನ್ನು ಕಾಲೇಜಿನಲ್ಲೇ ಇಳಿಸಿಕೊಂಡು ಬರಲು ಅವರಿಗೆ ಜಾಗವೂ ಹೆಚ್ಚು ಬೇಕು.

ಸಿದ್ಧಾಂತ: ಎಂಟನೇ ತಲೆಮಾರು ಅಥವಾ ಈಚಿನದು, 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ, 14 ಇಂಚು ಮೀರದ ಪರದೆ, ಕೈಯಲ್ಲಿ ಬರೆದುಕೊಟ್ಟ ವಾರಂಟಿ. ಬಿಲ್ಲು ಕೊಡುವುದಿಲ್ಲ ಎಂದರೆ ಎದ್ದು ಬನ್ನಿ, ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ. ಭಾವಮೈದನಿಗೆ ಮಾತ್ರ ಐ-ಸೆವೆನ್ ಎಂದೇ ಹೇಳಿ.