ಒಂದು ಟಿಕೆಟ್, ಎರಡು ಬಿಲ್ಲು

ಬೆಂಗಳೂರಿನ ವಕೀಲರೊಬ್ಬರು ಧಾರವಾಡದ ಹೈಕೋರ್ಟ್ ಪೀಠಕ್ಕೆಂದು ರಾತ್ರಿ ರೈಲು ಹತ್ತುತ್ತಾರೆ; ಬ್ಯಾಗಿನಲ್ಲಿ ಇಬ್ಬರು ಕಕ್ಷಿದಾರರ ಫೈಲು. ಟಿಕೆಟ್ ಒಂದೇ ಆದರೂ ಇಬ್ಬರ ಬಿಲ್ಲಿಗೂ ಪೂರ್ತಿ ದರ ಹತ್ತಿಸಿದರೆ, ಆ ಬರ್ತಿನಲ್ಲಿ ಎರಡನೆಯವರಾಗಿ ಮಲಗಿದ್ದು ಯಾರು? ರೈಲ್ವೆಯವರೂ ಆರ್‌ಎಸಿಯಲ್ಲಿ ಒಂದು ಬರ್ತಿಗೆ ಇಬ್ಬರಿಂದ ಪೂರ್ತಿ ಕಾಸು ಕೀಳುವುದಿಲ್ಲವೇ ಎಂಬ ವಾದ ಏಳಬಹುದು. ಏಳಲಿ. ಅಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಇಬ್ಬರು ನಿಜಕ್ಕೂ ಕೂತಿರುತ್ತಾರೆ, ಟಿಕೆಟ್ ಮೇಲೆ ಆರ್‌ಎಸಿ ಅಂತ ಅಚ್ಚೂ ಆಗಿರುತ್ತದೆ. ಇಲ್ಲಿ ಒಬ್ಬ ಕಕ್ಷಿದಾರನಿಗೆ ಇನ್ನೊಬ್ಬನ ಸುಳಿವೇ ಇಲ್ಲ. ಸಮಯದ ಲೆಕ್ಕಕ್ಕೂ ಇದೇ ನ್ಯಾಯ: ಒಬ್ಬರಿಗಾಗಿ ವಿಮಾನ ಹತ್ತಿ, ಆಕಾಶದಲ್ಲಿ ಇನ್ನೊಬ್ಬರ ಫೈಲು ಓದಿ, ಅದೇ ಗಂಟೆಗಳನ್ನು ಇಬ್ಬರಿಗೂ ಮಾರುವುದು ತಪ್ಪೆಂದು ಅಮೆರಿಕನ್ ಬಾರ್ ಅಸೋಸಿಯೇಷನ್ 1993ರಲ್ಲೇ ಹೇಳಿದೆ. ಇನ್ನು 'ಇತರೆ ಖರ್ಚು' ಎಂಬ ಸಾಲಿನೊಳಗೆ ಅಡಗಿ ಮನೆ ಸೇರುವ ಅರ್ಧ ಕೆಜಿ ಪೇಡೆ: ಅದಕ್ಕೆ ಯಾವ ಕೇಸ್ ನಂಬರ್ ಹಾಕುತ್ತಾರೋ!